ಹಲಸಿನ ಬ್ಲಾಕಿನಲ್ಲಿ ಮೊದಲೇ ಅರಳಿದ ಹೂವು

ಒಂದೇ ಒಂದು ವಿಡಿಯೊ ಸಾಕು ಎಂದು ಬಂದವರನ್ನು ರುದ್ರಾಣಿ ಅಕ್ಕ ನಂಬುವುದಿಲ್ಲ. ಕಳಸದ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಸ್ಟುಡಿಯೋ ಇದೆ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಾರೆ. ಹಿಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇವೆ. ಹೋಮ್‌ಸ್ಟೇಯವರು, ಜೇನು ಮಾರುವವರು, ಬಿದಿರಿನ ಬುಟ್ಟಿ ಹೆಣೆದು ಆನ್‌ಲೈನಿನಲ್ಲಿ ಮಾರುವ ಸಂಘದ ಹೆಂಗಸರು ಆ ಹಿಂದಿನ ಕೋಣೆಗೆ ಬಂದು ಕೂರುತ್ತಾರೆ. ವಿಡಿಯೊಗಳಿಗೆ ಮಾತು ಬರೆದುಕೊಡುವ ನನ್ನ ಮೇಜೂ ಅಲ್ಲೇ ಇರುವುದರಿಂದ ಎಲ್ಲ ಕೇಳಿಸುತ್ತದೆ.

"ಯಾರಿಗೆ ತೋರಿಸ್ಲಿಕ್ಕೆ ವಿಡಿಯೊ?" ಎಂದು ಅಕ್ಕ ಮೊದಲು ಕೇಳುತ್ತಾರೆ.

"ಎಲ್ಲರಿಗೂ ಮೇಡಂ" ಎನ್ನುತ್ತಾರೆ ಹೋಮ್‌ಸ್ಟೇಯವರು.

"ಎಲ್ಲರಿಗೂ ಅಂದ್ರೆ ಯಾರಿಗೂ ಅಲ್ಲ. ಹೋದ ತಿಂಗಳು ನಿಮ್ಮಲ್ಲಿ ಬಂದು ಉಳಿದವರು ಯಾರು? ಅವ್ರಿಗೆ ನಿಮ್ಮ ವಿಷಯ ಹೇಳಿದ್ದು ಯಾರು?"

ಬಂದವರಿಗೆ ಇದು ಪೊಲೀಸ್ ಸ್ಟೇಷನ್ನಿನ ವಿಚಾರಣೆಯಂತೆ ಕೇಳುತ್ತದೆ. ಕೆಲವರು ಎದ್ದು ಹೋಗುತ್ತಾರೆ. ಕೂತವರಿಗೆ ಅಕ್ಕ ತಮ್ಮ ಕ್ರಮವನ್ನು ಹೇಳುತ್ತಾರೆ. ಒಂದು ದಿನ ಬಂದು ಒಂದು ವಿಡಿಯೊ ಮಾಡಿಕೊಡುವುದಿಲ್ಲ. ವರ್ಷದಲ್ಲಿ ಕಾಫಿ ತೋಟಕ್ಕೆ ಯಾವ ಯಾವ ಕಾಲಕ್ಕೆ ಯಾವ ಮುಖ ಬರುತ್ತದೋ ಆ ಕಾಲಕ್ಕೆ ಹೋಗಿ ತೆಗೆಯಬೇಕು. ಹಣ್ಣು ಕೊಯ್ಯುವಾಗ ಒಮ್ಮೆ, ಕಣದಲ್ಲಿ ಒಣಗಿಸುವಾಗ ಒಮ್ಮೆ, ಹೂವಿಗೊಮ್ಮೆ, ಮಳೆಗೊಮ್ಮೆ. ತೆಗೆದದ್ದನ್ನೆಲ್ಲ ಕೂಡಿಟ್ಟುಕೊಂಡು ವರ್ಷಪೂರ್ತಿ ಸಣ್ಣ ಸಣ್ಣ ವಿಡಿಯೊಗಳಾಗಿ ಕತ್ತರಿಸಿ ಕೊಡಬೇಕು. ಮಳೆಗಾಲದಲ್ಲಿ ಬಂದು ಹೂವಿನ ವಿಡಿಯೊ ಕೇಳಿದರೆ ಯಾರ ತೋಟದ ಹೂವನ್ನು ತರುವುದು?

ಇನ್ನೊಂದು ಷರತ್ತೂ ಇದೆ. ಕತ್ತರಿಸಿ ಸಿದ್ಧ ಮಾಡಿದ ವಿಡಿಯೊ ಗಿರಾಕಿಗೆ ಸೇರಿದ್ದು. ಕತ್ತರಿಸದೆ ಉಳಿದದ್ದು ಸ್ಟುಡಿಯೋದಲ್ಲೇ ಇರುತ್ತದೆ, ಹೊರಗಿನ ಯಾರ ಕೈಗೂ ಹೋಗುವುದಿಲ್ಲ. ಅದರಲ್ಲಿ ಯಾರ ಮುಖ ಅಥವಾ ಯಾರ ನೆಲ ಬಂದಿದೆಯೋ ಅವರು ಬಂದು ನೋಡಬಹುದು, ಅಷ್ಟೆ.

ಈ ಷರತ್ತು ಇಲ್ಲದಿದ್ದರೆ ಈ ಕಡೆ ಅವರಿಗೆ ಕೆಲಸವೇ ಇರುತ್ತಿರಲಿಲ್ಲ. ನಮ್ಮ ಬೆಟ್ಟಗಳಲ್ಲಿ ಪ್ರತಿ ತೋಟಕ್ಕೂ ಬೇಲಿಯದೊಂದು ಕಥೆ ಇರುತ್ತದೆ. ಒಂದು ಕಡೆ ಕಾಡಿನ ಅಂಚು, ಒಂದು ಕಡೆ ದಾಯಾದಿಯ ಗಿಡ. ಕ್ಯಾಮೆರಾ ಹಿಡಿದು ಒಳಗೆ ಬಂದವರನ್ನು ತೋಟದ ಲೆಕ್ಕ ಬರೆಯುವ ರೈಟರಿಂದ ಹಿಡಿದು ನಾಯಿಯವರೆಗೆ ಎಲ್ಲರೂ ಒಂದೇ ಕಣ್ಣಿನಿಂದ ನೋಡುತ್ತಾರೆ: ಇವಳು ನಿಜವಾಗಿ ಎಂತದಕ್ಕೆ ಬಂದಳು?

ರುದ್ರಾಣಿ ಅಕ್ಕನಿಗೆ ಆ ಕಣ್ಣು ಹೊಸದಲ್ಲ, ಅವರದ್ದೂ ಅದೇ ಕಣ್ಣು. ಅವರ ತಂದೆ ಲಿಂಗಪ್ಪ ಕಳಸದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದರು. ಪಿಯುಸಿ ಮುಗಿಸಿದ ಮಗಳು ಚಿಕ್ಕಮಗಳೂರಿನ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿಯುತ್ತೇನೆಂದಾಗ, "ಬೇರೆಯವರ ಮದುವೆಯಲ್ಲಿ ನಿಂತೇ ಇರೋ ಕೆಲಸ ಅದು, ಊಟ ಕೊನೇ ಪಂಕ್ತಿಗೆ" ಎಂದು ಬೈದು ಕಳಿಸಿದ್ದರಂತೆ. ಹೇಳಿದಂತೆಯೇ ಆಯಿತು. ಬಹಳ ವರ್ಷ ಮದುವೆಗಳ ಫೋಟೊ ತೆಗೆದರು. ಗುಂಪಿನ ಫೋಟೊಕ್ಕೆ ಯಾರು ಯಾರ ಪಕ್ಕ ನಿಲ್ಲುವುದಿಲ್ಲ, ಯಾರು ಕರೆದರೂ ಬರುವುದಿಲ್ಲ, ಯಾರು ಕರೆಯದಿದ್ದರೂ ನಡುವೆ ಬಂದು ನಿಲ್ಲುತ್ತಾರೆ ಎಂಬುದನ್ನು ನೋಡಿ ನೋಡಿ ಮನುಷ್ಯರ ಮೇಲೆ ಒಂದು ಬಗೆಯ ಅನುಮಾನ ಬೆಳೆಯಿತು. ಮೊಬೈಲಿನ ಹವಾಮಾನ ನಂಬುವುದಿಲ್ಲ. ಚಾರ್ಜ್ ಆಗಿದೆ ಎಂದ ಬ್ಯಾಟರಿಯನ್ನು ಮತ್ತೆ ಹಾಕಿ ನೋಡುತ್ತಾರೆ. ಮೆಮೊರಿ ಕಾರ್ಡುಗಳನ್ನು ಕ್ಯಾಮೆರಾ ಬ್ಯಾಗಿನಲ್ಲಿ ಇಡದೆ ಊಟದ ಡಬ್ಬಿಯ ಖಾಲಿ ಖಾನೆಯಲ್ಲಿ ಇಟ್ಟುಕೊಂಡು ಬರುತ್ತಾರೆ. ಬ್ಯಾಗು ಕದಿಯುವವನು ಚಿತ್ರಾನ್ನಕ್ಕೆ ಕೈ ಹಾಕುವುದಿಲ್ಲವಂತೆ.

ಮೇಘಶ್ರೀ ಬಂದದ್ದು ಕೊಯ್ಲಿನ ಹೊತ್ತಿಗೆ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ತೋಟದ ದೇವರಾಜ ಗೌಡರ ಸೊಸೆ. ಮನೆಯ ರೋಬಸ್ಟಾವನ್ನೇ ಹುರಿದು ಪುಡಿ ಮಾಡಿ, 'ಬೋರೆ ಕಾಫಿ' ಎಂದು ಹೆಸರಿಟ್ಟು, ಕೈಯಲ್ಲೇ ಅಚ್ಚು ಒತ್ತಿದ ಬಟ್ಟೆಚೀಲದಲ್ಲಿ ಕಳಿಸುತ್ತಿದ್ದಳು. ಅಕ್ಕನ ಪ್ರಶ್ನೆಗಳಿಗೆಲ್ಲ ಬೇಸರಪಡದೆ ಉತ್ತರ ಕೊಟ್ಟಳು. ವರ್ಷದ ಒಪ್ಪಂದಕ್ಕೆ ತಾನೇ ಸಹಿ ಹಾಕಿದಳು. ಕೊಯ್ಲು, ಕಣ, ಹುರಿಯುವುದು ಎಲ್ಲ ತೆಗೆದಾಯಿತು. ಉಳಿದದ್ದು ಹೂವು.

ಅಲ್ಲಿಯವರೆಗೆ ಗೌಡರು ಕ್ಯಾಮೆರಾ ಕಂಡರೆ, "ಹುಡುಗಾಟ ಮುಗೀತಾ?" ಎಂದು ಕೇಳಿ ಜೀಪು ಹತ್ತುತ್ತಿದ್ದರು. ಫೆಬ್ರವರಿಯಲ್ಲಿ ಅವರೇ ಫೋನ್ ಮಾಡಿದರು.

"ಸ್ಪ್ರಿಂಕ್ಲರ್ ಹೊಡೆದಾಗಿದೆ. ಇನ್ನೊಂದು ವಾರಕ್ಕೆ ಹೂವು ಒಡೀತದೆ. ಹಾರಿಸೋದು ಇದೆಯಲ್ಲ, ಅದನ್ನ ತನ್ನಿ. ಮೇಲಿನಿಂದ ಪೂರ್ತಿ ತೋಟ ಬರ್ಬೇಕು."

ಫೋನ್ ಇಟ್ಟ ಮೇಲೆ ಅಕ್ಕ ನನ್ನ ಕಡೆ ತಿರುಗಿದರು. "ಹುಡುಗಾಟ ಅಂತಿದ್ದ ಮನುಷ್ಯನಿಗೆ ಈಗ ಎಂತ ಆಯ್ತು?" ಎಂದರು.

"ಸೊಸೆಯ ವ್ಯಾಪಾರ ಚೆನ್ನಾಗಾಗ್ತಿದೆ, ಖುಷಿ ಇರಬಹುದು" ಎಂದೆ.

"ಖುಷಿಯಾದವರು ಕಾಫಿಗೆ ಕರೀತಾರೆ. ಡ್ರೋನಿಗೆ ಕರೆಯಲ್ಲ."

ಹೂವು ಒಡೆದ ಬೆಳಿಗ್ಗೆ ನಾವು ಹೋದೆವು. ಜೀಪಿನಿಂದ ಇಳಿಯುವ ಮೊದಲೇ ವಾಸನೆ ಗಂಟಲಿಗೆ ಇಳಿಯಿತು. ಗಿಡಗಳ ಒಳಗೆ ಜೇನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೂವಿನ ದಿನ ತೋಟದ ಯಾವ ಬ್ಲಾಕಿನೊಳಗೂ ಆಳುಗಳನ್ನು ಬಿಡುವುದಿಲ್ಲ. ಗಿಡ ಅಲ್ಲಾಡಿದರೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ ಎಂಬ ಭಯ. ಹೂವು ಬೆಳ್ಳಗಿರುವುದು ಎರಡು ಮೂರು ದಿನ ಮಾತ್ರ, ಆಮೇಲೆ ಕಂದಿಹೋಗುತ್ತದೆ. ಗೌಡರು ಅಂಗಳದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಅಕ್ಕ ಅದನ್ನೂ ಗಮನಿಸಿದರು.

ಡ್ರೋನ್ ಮೇಲೇರಿತು. ಪರದೆಯಲ್ಲಿ ಮನೆ ಕಡೆಯ ಬೋರೆಯ ಇಳಿಜಾರು ಪೂರ್ತಿ ಬೆಳ್ಳಗಾಗಿತ್ತು. ಮೇಘಶ್ರೀ ಬಾಯಿಗೆ ಕೈ ಹಿಡಿದು ನಿಂತಳು. ಗೌಡರು ಮಾತ್ರ ಬೆರಳು ತೋರಿಸಿ, "ಅಲ್ಲಿ, ಹಳ್ಳದ ಆಚೆ ಬನ್ನಿ. ಇನ್ನೂ ಆಚೆ. ಅಲ್ಲಿ ನಿಲ್ಲಿಸಿ. ಹಲಸಿನ ಮರ ಕಾಣ್ಲಿ" ಎಂದರು.

ಹಳ್ಳ ಆ ತೋಟವನ್ನು ಎರಡು ಮಾಡುತ್ತದೆ. ಈಚೆ ಗೌಡರು ತೋಟ ಮಾಡುತ್ತಿದ್ದರು. ಆಚೆ ಅವರ ತೀರಿಹೋದ ಅಣ್ಣನ ಹೆಂಡತಿ ನಂಜಮ್ಮ. ಇದು ಬಾಯಿಮಾತಿನ ಏರ್ಪಾಡು, ಕಾಗದದಲ್ಲಿ ಇನ್ನೂ ಪಾಲಾಗಿರಲಿಲ್ಲ. ಆಚೆಯ ಗಿಡಗಳಿಗೆ ನಂಜಮ್ಮ ಇನ್ನೂ ನೀರು ಹೊಡೆದಿರಲಿಲ್ಲ, ಹಾಗಾಗಿ ಅಲ್ಲೆಲ್ಲ ಹಸಿರು. ಆದರೆ ಹಳ್ಳ ದಾಟಿ, ಹಲಸಿನ ಮರದ ಸುತ್ತಲಿನ ಬ್ಲಾಕ್ ಮಾತ್ರ ಗೌಡರ ಕಡೆಯಷ್ಟೇ ಬೆಳ್ಳಗಿತ್ತು. ಬಿಳಿ ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗುತ್ತದೆ ಎಂಬುದು ಸುಣ್ಣದ ಗೆರೆ ಎಳೆದಂತೆ ಕಾಣುತ್ತಿತ್ತು.

ಅಕ್ಕ ಪರದೆಯಿಂದ ಕಣ್ಣೆತ್ತಿ ಗೌಡರನ್ನು ನೋಡಿದರು. "ಹಲಸಿನ ಬ್ಲಾಕಿಗೆ ಪೈಪ್ ಎಳೆದವರು ಯಾರು ಗೌಡ್ರೇ?"

"ನಮ್ಮದೇ ಬ್ಲಾಕು. ನಾವೇ ಎಳೆದ್ವಿ."

"ನಂಜಮ್ಮನವ್ರು ಹೋದ ವಾರ ವಸ್ತಾರೆಗೆ ಮದುವೆಗೆ ಹೋಗಿದ್ರು ಅಂತ ಕೇಳಿದೆ."

"ಹೋಗಿದ್ರೆ ಹೋಗ್ಲಿ. ನಿಮಗೆಂತಕ್ಕೆ ಅದು? ಬಂದ ಕೆಲಸ ಮಾಡಿ. ಇದು ಕತ್ತರಿಸದೇ ಇರೋದು ನನಗೆ ಪೂರ್ತಿ ಬೇಕು. ತಾರೀಕು ಕಾಣ್ಬೇಕು."

ಅಕ್ಕ ಡ್ರೋನನ್ನು ಇಳಿಸಿಬಿಟ್ಟರು. "ಇದು ಕಾಫಿ ಮಾರ್ಲಿಕ್ಕೋ, ತೋಟ ಪಾಲು ಮಾಡ್ಲಿಕ್ಕೋ?" ಎಂದು ಕೇಳಿದರು. ಗೌಡರು ಉತ್ತರಿಸುವ ಮೊದಲು ಹಳ್ಳದ ಆಚೆಯಿಂದ ಕೂಗು ಬಂತು.

"ಯಾರದು ಹಾರಿಸಿದ್ದು?"

ನಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಹಿಂದೆ ಅವರ ಮೇಸ್ತ್ರಿ. ಹಿಂದಿನ ದಿನವಷ್ಟೇ ಮದುವೆಯಿಂದ ಬಂದವರು, ಹಲಸಿನ ಕಡೆ ಇನ್ನೂ ಕಾಲಿಟ್ಟಿರಲಿಲ್ಲ.

"ಎಂತ ಇಲ್ಲ ದೊಡ್ಡತ್ತೆ, ನನ್ನ ಕಾಫಿಯ ವಿಡಿಯೊ" ಎಂದಳು ಮೇಘಶ್ರೀ.

"ಕಾಫಿ ನೆಲದಲ್ಲಿ ಬೆಳೀತದೆ ಮಾರಾಯ್ತಿ, ಆಕಾಶದಲ್ಲಿ ಅಲ್ಲ. ಆ ಲಿಂಗಪ್ಪನ ಮಗಳಿಗೆ ಹೇಳು, ನನ್ನ ತಲೆ ಮೇಲೆ ಇನ್ನೊಂದ್ಸಲ ಅದು ಬಂದ್ರೆ ಕೋವಿ ತೆಗೀತೇನೆ."

ನಾವು ಕಳಸ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸ್ಟುಡಿಯೋದವಳು ಕ್ಯಾಮೆರಾ ಹೆಸರಲ್ಲಿ ಸರ್ವೆ ಮಾಡುತ್ತಾಳೆ, ದಾಯಾದಿಗಳಿಗೆ ಸಾಕ್ಷಿ ಮಾಡಿಕೊಡುತ್ತಾಳೆ. ಮಧ್ಯಾಹ್ನ ಮೂಡಿಗೆರೆ ಕಡೆಯ ಹೋಮ್‌ಸ್ಟೇಯ ಶಶಿಧರ್ ಫೋನ್ ಮಾಡಿ, "ಮೇಡಂ, ಹೂವಿನ ಶೂಟ್ ಈ ವರ್ಷ ಬೇಡ, ಮುಂದೆ ನೋಡುವ" ಎಂದರು. ಕಾರಣ ಕೇಳಿದರೆ, "ಹಾಗೇ ಸುಮ್ನೆ" ಎಂದರು. ಆಮೇಲೆ ಜೇನಿನವರೂ ಹಾಗೇ ಸುಮ್ನೆ ಅಂದರು. ಒಂದು ತೋಟದ ಅನುಮಾನ ಉಳಿದ ತೋಟಗಳ ದಾರಿಯನ್ನೂ ಮುಚ್ಚುತ್ತಿತ್ತು. ಇದು ನಿಲ್ಲದಿದ್ದರೆ ಹಿಂದಿನ ಕೋಣೆ ಮುಚ್ಚಿ ಪಾಸ್‌ಪೋರ್ಟ್ ಫೋಟೊದಲ್ಲೇ ಬದುಕಬೇಕು ಎಂಬುದು ನಮಗಿಬ್ಬರಿಗೂ ತಿಳಿದಿತ್ತು. ಇತ್ತ ಬೋರೆ ಕಾಫಿಗೆ ಬೇಕಾದ ಹತ್ತಿರದ ಹೂವಿನ ಶಾಟುಗಳು ಒಂದೂ ಆಗಿರಲಿಲ್ಲ, ಹೂವು ಕಾಯುವುದಿಲ್ಲ.

ಸಂಜೆಗೆ ಮುಂಚೆ ಅಕ್ಕ ಲ್ಯಾಪ್‌ಟಾಪ್ ಹಿಡಿದು ನಂಜಮ್ಮನ ಮನೆಗೆ ಹೊರಟರು, ನನ್ನನ್ನೂ ಕರೆದುಕೊಂಡು. ಚಿತ್ರದಲ್ಲಿ ಅವರ ನೆಲ ಬಂದಿದೆ, ನೋಡುವ ಹಕ್ಕು ಅವರಿಗಿದೆ ಎಂಬುದು ಅಕ್ಕನ ಲೆಕ್ಕ.

ನಂಜಮ್ಮ ಜಗಲಿಯಲ್ಲೇ ಕೂರಿಸಿದರು. ಕನ್ನಡಕ ಹಾಕಿ ಪರದೆಗೆ ಮೂಗು ತಾಗಿಸಿ ನೋಡಿದರು. ಬಿಳಿ ಹಳ್ಳ ದಾಟಿ ಬಂದದ್ದನ್ನು ಕಂಡದ್ದೇ ತೊಡೆಗೆ ಹೊಡೆದುಕೊಂಡರು.

"ನೋಡು, ನೋಡು ಕಳ್ಳನ್ನ! ನಾನು ಆ ಕಡೆ ಮದುವೆಯಲ್ಲಿ ಹೋಳಿಗೆ ತಿನ್ನುವಾಗ ಇವ ಇಲ್ಲಿ ನೀರು ಹೊಡ್ದಿದ್ದಾನೆ. ತನ್ನ ಗಿಡ ಎಲ್ಲಿವರೆಗೆ ಅಂತ ಹೂವಿನಲ್ಲೇ ಬರೆಸಿದ್ದಾನೆ."

"ಅದಕ್ಕೇ ಅಮ್ಮಾ, ನಿಮಗೆ ತೋರಿಸ್ಲಿಕ್ಕೆ ಬಂದದ್ದು. ಇದು ಅವ್ರ ಕೈಗೆ ಹೋಗಲ್ಲ."

ನಂಜಮ್ಮ ಕನ್ನಡಕ ತೆಗೆದರು. ದನಿ ಬದಲಾಯಿತು. "ನನಗೆ ಕೊಡು ಮಗಾ. ನಾನು ಇಲ್ಲದಾಗ ಹಳ್ಳ ದಾಟಿ ಬಂದದ್ದಕ್ಕೆ ಇದಕ್ಕಿಂತ ಸಾಕ್ಷಿ ಉಂಟಾ?"

ನನಗೆ ನಗು ಬರುವಂತಾಯಿತು. ಆ ಬ್ಲಾಕು ತನ್ನದೆಂದು ತೋರಿಸಲು ಗೌಡರು ಕೇಳಿದ ಚಿತ್ರವನ್ನೇ, ಆ ಬ್ಲಾಕಿಗೆ ಗೌಡರು ನುಗ್ಗಿದರೆಂದು ತೋರಿಸಲು ಇವರು ಕೇಳುತ್ತಿದ್ದರು. ಅಕ್ಕ ನಗಲಿಲ್ಲ.

"ನಿಮಗೂ ಕೊಡ್ಲಿಕ್ಕಾಗಲ್ಲ. ಪೈಪು ಎಳೆದ ಗುರುತು ನೆಲದಲ್ಲೇ ಇದೆ. ಸರ್ವೆಯವರನ್ನ ಕರೆಸಿ, ಊರವರನ್ನ ಕರೆಸಿ. ನನ್ನ ಕ್ಯಾಮೆರಾ ಬಂದದ್ದು ಕಾಫಿಗೆ."

"ಓಹೋ. ಅವನಿಗೆ ಕೊಟ್ಟಾಗಿದೆ, ಅದಕ್ಕೆ ನನಗಿಲ್ಲ."

"ಕೊಟ್ಟಿಲ್ಲಮ್ಮಾ."

"ಹೊರನಾಡಿಗೆ ಬಾ, ದೇವಿ ಮುಂದೆ ಹೇಳು."

"ಆಣೆ ಹಾಕಿದವರು ಸುಳ್ಳು ಹೇಳಿದ್ದು ನೀವು ಕಂಡಿಲ್ವಾ?"

"ಕಂಡಿದ್ದೇನೆ" ಎಂದರು ನಂಜಮ್ಮ. "ಹಾಗಾದ್ರೆ ಇದನ್ನ ನನ್ನೆದುರೇ ಅಳಿಸು."

"ಅಳಿಸಿದ್ರೆ ನಂಬ್ತೀರಾ?"

"ಎಲ್ಲಿ ನಂಬೋದು! ಒಂದು ಕಡೆ ಅಳಿಸಿದ್ರೆ ಇನ್ನೊಂದು ಕಡೆ ಇರ್ತದೆ ಅಂತ ನನ್ನ ಮೊಮ್ಮಗಳು ಹೇಳ್ತಾಳೆ."

ಕಾಫಿ ಬಂತು, ಆದರೆ ನಂಬಿಕೆ ಬರಲಿಲ್ಲ. ಇಲ್ಲದ್ದನ್ನು ಇಲ್ಲವೆಂದು ತೋರಿಸುವುದು ಹೇಗೆ? ಕ್ಯಾಮೆರಾ ಇರುವುದನ್ನಷ್ಟೇ ತೋರಿಸುತ್ತದೆ. ಮರಳಿ ಬಂದು ಕಳಸ ಮುಟ್ಟುವಾಗ ಅಕ್ಕ ಇದ್ದಕ್ಕಿದ್ದಂತೆ ಫೋನ್ ತೆಗೆದು ಗೌಡರಿಗೆ ಮಾಡಿದರು. "ಗೌಡ್ರೇ, ನಾಳೆ ಬೆಳಿಗ್ಗೆ ಹಳ್ಳದ ಹತ್ರ ಶೂಟಿಂಗ್. ನಂಜಮ್ಮನವ್ರೂ ಬರ್ತಾರೆ." ಇಟ್ಟು, ನಂಜಮ್ಮನಿಗೆ ಮಾಡಿದರು. "ಅಮ್ಮಾ, ನಾಳೆ ಹಳ್ಳದ ಹತ್ರ ಗೌಡ್ರು ಬರ್ತಾರೆ, ಶೂಟಿಂಗ್ ಇದೆ."

"ಇಬ್ಬರೂ ಒಪ್ಪಿಲ್ಲವಲ್ಲ ಅಕ್ಕಾ?" ಎಂದೆ.

"ಒಪ್ಪಬೇಕಾಗಿಲ್ಲ. ಇನ್ನೊಬ್ಬರು ಕ್ಯಾಮೆರಾ ಮುಂದೆ ಒಂಟಿಯಾಗಿ ಇರ್ತಾರೆ ಅಂದ್ರೆ ಸಾಕು, ಇಬ್ಬರೂ ನಮಗಿಂತ ಮೊದಲೇ ಬಂದು ಕೂತಿರ್ತಾರೆ."

ಹಾಗೇ ಆಯಿತು. ಬೆಳಿಗ್ಗೆ ಹಳ್ಳದ ಈಚೆ ಬಂಡೆಯ ಮೇಲೆ ಗೌಡರು, ಆಚೆ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ನಂಜಮ್ಮ. ನಡುವೆ ಮೊಣಕಾಲು ಮುಳುಗದಷ್ಟು ನೀರು. ಮೇಘಶ್ರೀ ಸಂಕೋಚದಿಂದ ಎರಡು ಕಡೆಗೂ ಫ್ಲಾಸ್ಕಿನಿಂದ ಕಾಫಿ ಕೊಟ್ಟಳು.

"ಎಂತದು ಅತ್ತಿಗೆ, ಬೆಳಿಗ್ಗೆ ಬೆಳಿಗ್ಗೆ ಕುರ್ಚಿ ಸಮೇತ?" ಎಂದರು ಗೌಡರು.

"ನಿನ್ನ ಪೈಪು ಈಜಿಕೊಂಡು ಬರ್ತದಂತಲ್ಲ, ನೋಡುವ ಅಂತ."

ಅಕ್ಕ ಹಳ್ಳದ ನಡುವಿನ ಕಲ್ಲಿನ ಮೇಲೆ ನಿಂತರು. ಇಬ್ಬರಿಗೂ ಕೇಳಿಸುವಂತೆ, ಗಟ್ಟಿಯಾಗಿ ಹೇಳಿದರು. "ನಿನ್ನೆ ಮೇಲಿನಿಂದ ತೆಗೆದದ್ದು ಬೋರೆ ಕಾಫಿಯ ವಿಡಿಯೊದಲ್ಲಿ ಇರಲ್ಲ. ಅದು ಗೌಡ್ರಿಗೂ ಇಲ್ಲ, ನಂಜಮ್ಮನವ್ರಿಗೂ ಇಲ್ಲ. ಇವತ್ತು ಕೈಯೆತ್ತರದಲ್ಲಿ ಹೂವು, ಜೇನು, ಎಲೆ ಇಷ್ಟೇ ತೆಗೀತೇನೆ. ಇಬ್ಬರೂ ಕೂತು ನೋಡಿ."

ಗೌಡರು ಬಂಡೆಯಿಂದ ಎದ್ದರು. ಕಾಫಿ ಲೋಟ ಉರುಳಿ ಹಳ್ಳಕ್ಕೆ ಬಿತ್ತು.

"ನನಗೆ ಇಲ್ವಾ? ನನಗೇ ಇಲ್ವಾ? ನನ್ನ ತೋಟ, ನನ್ನ ಹೂವು, ಕರೆಸಿದ್ದು ನಾನು! ಪಾತ್ರೆ ಅಂಗಡಿ ಲಿಂಗಪ್ಪನ ಮಗಳು ನನಗೆ ಕಾನೂನು ಹೇಳ್ತಾಳೆ! ನಿನ್ನ ಡಬ್ಬಿ ಕಟ್ಟಿಕೊಂಡು ನಡಿ ಇಲ್ಲಿಂದ!"

ಕುತ್ತಿಗೆಯ ನರ ಉಬ್ಬಿತ್ತು. ಮಾತು ತೊದಲುತ್ತಿತ್ತು. ಆಚೆ ದಡದಲ್ಲಿ ನಂಜಮ್ಮ ಆ ಮುಖವನ್ನೇ ನೋಡುತ್ತಿದ್ದರು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡಿದ ಮುಖ. ನಿಧಾನವಾಗಿ ಕುರ್ಚಿಗೆ ಒರಗಿ ಮೇಸ್ತ್ರಿಗೆ ಹೇಳಿದರು:

"ಕೊಟ್ಟಿಲ್ಲ ಮಾರಾಯ ಇವಳು. ದೇವರಾಜನಿಗೆ ಏನು ಬೇಕಾದ್ರೂ ನಟಿಸಲಿಕ್ಕೆ ಬರ್ತದೆ, ಸಿಟ್ಟು ನಟಿಸಲಿಕ್ಕೆ ಮಾತ್ರ ಬರಲ್ಲ."

ಗೌಡರು ಸೊಸೆಯ ಕಡೆ ತಿರುಗಿದರು. "ಇವಳನ್ನ ಕಳಿಸು. ಬೇರೆಯವರು ಸಿಕ್ತಾರೆ, ಚಿಕ್ಕಮಗಳೂರಿನಿಂದ ಕರೆಸುವ."

ಮೇಘಶ್ರೀ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತಿದ್ದಳು. ಮುಚ್ಚಳ ಬಿಗಿಯಾಗಿತ್ತು, ಆದರೂ ತಿರುಗಿಸುತ್ತಲೇ ಇದ್ದಳು. "ಮಾವಾ, ಅವ್ರು ಬರೋವಷ್ಟರಲ್ಲಿ ಹೂವು ಕಂದಿರ್ತದೆ. ವಿಡಿಯೊ ನನ್ನ ಕಾಫಿಗೆ. ಒಪ್ಪಂದಕ್ಕೆ ಸಹಿ ಹಾಕಿದ್ದೂ ನಾನೇ" ಎಂದಳು.

ಗೌಡರು ಹೋಗಿಬಿಡುತ್ತಾರೆ ಅಂದುಕೊಂಡೆ. ನಾಲ್ಕು ಹೆಜ್ಜೆ ಹೋದರು ಕೂಡ. ಆಮೇಲೆ ತಿರುಗಿ ನೋಡಿದರೆ ನಂಜಮ್ಮ ಕುರ್ಚಿಯಲ್ಲಿ ಇನ್ನಷ್ಟು ಆರಾಮಾಗಿ ಕೂರುತ್ತಿದ್ದರು. ಗೌಡರು ವಾಪಸು ಬಂದು ಅದೇ ಬಂಡೆಯ ಮೇಲೆ ಕೂತರು.

ಬಿಸಿಲು ಏರುವವರೆಗೆ ಚಿತ್ರೀಕರಣ ನಡೆಯಿತು. ಕ್ಯಾಮೆರಾ ಸ್ವಲ್ಪ ಆಚೆ ವಾಲಿದರೆ ನಂಜಮ್ಮ ಕೆಮ್ಮುತ್ತಿದ್ದರು. ಈಚೆ ವಾಲಿದರೆ ಗೌಡರು ಎದ್ದು ಪರದೆ ನೋಡಲು ಬರುತ್ತಿದ್ದರು. ಹಲಸಿನ ಮರ ಬರಬಾರದು, ಹಳ್ಳ ಬರಬಾರದು, ಗುರುತಿನ ಕಲ್ಲು ಬರಬಾರದು. ಉಳಿದದ್ದು ಒಂದೊಂದೇ ಗೆಲ್ಲು, ಅದರ ಗೆಣ್ಣುಗೆಣ್ಣಿಗೂ ಒತ್ತಾಗಿ ಕೂತ ಹೂವು, ಹೂವಿನೊಳಗೆ ತಲೆ ಹುದುಗಿಸಿದ ಜೇನು. ಅಕ್ಕ ಮೊಣಕಾಲೂರಿ, ಉಸಿರು ಬಿಗಿಹಿಡಿದು ತೆಗೆದರು. ಅಷ್ಟು ಹತ್ತಿರದಿಂದ ಅವರು ಹೂವನ್ನು ಅದಕ್ಕೆ ಮೊದಲು ತೆಗೆದದ್ದು ನಾನು ಕಂಡಿರಲಿಲ್ಲ.

ಆ ಸುದ್ದಿಯೂ ಬೇಗ ಹಬ್ಬಿತು, ಹಬ್ಬಿಸಿದವರು ಬಹುಶಃ ನಂಜಮ್ಮನ ಮೇಸ್ತ್ರಿ. ಗೌಡರು ಹಳ್ಳದಲ್ಲಿ ಕುಣಿದರೂ ಸ್ಟುಡಿಯೋದವಳು ಕೊಡಲಿಲ್ಲವಂತೆ. ಶಶಿಧರ್ ಮತ್ತೆ ಫೋನ್ ಮಾಡಿದರು. "ಮೇಡಂ, ನಮ್ಮಲ್ಲಿ ಹೂವು ನಾಡಿದ್ದು ಒಡೀಬಹುದು, ಬರ್ತೀರಾ?" ಆಮೇಲೆ ಸ್ವಲ್ಪ ತಡೆದು, "ಹೌದಾ, ಅದು ಇಬ್ಬರಿಗೂ ಕೊಡಲಿಲ್ವಾ? ನಿಜ ಹೇಳಿ" ಎಂದರು.

"ನಿಮ್ಮ ತೋಟದ ಹಿಂದುಗಡೆ ಬೇಲಿ ಎಲ್ಲಿದೆ ಅಂತ ನಾನು ಕೇಳ್ತೇನಾ?" ಎಂದರು ಅಕ್ಕ. ಶಶಿಧರ್ ನಕ್ಕು, ಬೆಳಿಗ್ಗೆ ಬೇಗ ಬರಲು ಹೇಳಿದರು.

ಬೋರೆ ಕಾಫಿಯ ಹೂವಿನ ವಿಡಿಯೊ ಯುಗಾದಿಗೆ ಹೊರಬಂತು. ಜನ ಇಷ್ಟಪಟ್ಟರು. ಎಲ್ಲರಿಗಿಂತ ಹೆಚ್ಚು ಸಲ ನೋಡಿದವರು ತನ್ನ ಮಾವ ಮತ್ತು ದೊಡ್ಡತ್ತೆ ಎಂದು ಮೇಘಶ್ರೀ ಹೇಳಿದಳು. ಇಬ್ಬರೂ ನಿಲ್ಲಿಸಿ ನಿಲ್ಲಿಸಿ ಮೂಲೆಗಳನ್ನು ನೋಡುತ್ತಾರಂತೆ, ಏನಾದರೂ ಸಿಗುತ್ತದಾ ಎಂದು. ಸ್ಟುಡಿಯೋಗೆ ಪುಡಿಯ ಚೀಲ ಕೊಡಲು ಬಂದವಳು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು:

"ಅಕ್ಕಾ, ಆವತ್ತು ಮೇಲಿನಿಂದ ತೆಗೆದದ್ದು ಇನ್ನೂ ಇದೆಯಾ?"

ಅಕ್ಕ ಅವಳ ಮುಖ ನೋಡಿದರು. "ಯಾರು ಕೇಳ್ಲಿಕ್ಕೆ ಹೇಳಿದ್ದು?"

"ಯಾರೂ ಇಲ್ಲಪ್ಪ. ಹಾಗೇ ಸುಮ್ನೆ" ಎಂದಳು ಮೇಘಶ್ರೀ. ಕಿವಿ ಕೆಂಪಾಗಿತ್ತು.

ಅವಳು ಹೋದ ಮೇಲೆ ಅಕ್ಕ ಕಂಪ್ಯೂಟರಿನ ಮುಂದೆ ಕೂತರು. ಇವತ್ತು ಸೊಸೆಯಿಂದ ಕೇಳಿಸಿದವರು ನಾಳೆ ವಕೀಲರಿಂದ ಕೇಳಿಸುತ್ತಾರೆ. ನನ್ನನ್ನು ಕರೆದು ಒಮ್ಮೆ ಹಾಕಿ ತೋರಿಸಿದರು. ಅಷ್ಟು ವರ್ಷಗಳಲ್ಲಿ ಅವರು ತೆಗೆದದ್ದರಲ್ಲೆಲ್ಲ ಚೆಂದದ್ದು ಅದೇ ಇರಬೇಕು. ಮಂಜು ಹರಿಯುತ್ತ ಬೋರೆ ಬೆಳ್ಳಗೆ ಎದ್ದು ಬರುತ್ತಿತ್ತು. ಮುಗಿಯುವವರೆಗೆ ನೋಡಿ ಅಳಿಸಿದರು. ಬೇರೆ ಡಿಸ್ಕಿನಲ್ಲಿ ಇಟ್ಟ ಇನ್ನೊಂದು ಪ್ರತಿಯನ್ನೂ ಹುಡುಕಿ ಅಳಿಸಿದರು. ಯಾರಿಗೂ ತಿಳಿಸಲು ಹೋಗಲಿಲ್ಲ. ಹೇಳಿದರೂ ಆ ಎರಡು ಮನೆಗಳಲ್ಲಿ ನಂಬುವವರು ಯಾರು?

"ಅಷ್ಟೇನಾ ಅಕ್ಕಾ? ಇನ್ನೆಲ್ಲೂ ಇಲ್ವಲ್ಲ?" ಎಂದು ಕೇಳಿದೆ.

"ನೀನೂ ಶುರು ಮಾಡಿದ್ಯಾ?" ಎಂದು ಎದ್ದು, ಪಾಸ್‌ಪೋರ್ಟ್ ಫೋಟೊಕ್ಕೆ ಯಾರೋ ಬಂದು ಕೂತಿದ್ದ ಮುಂದಿನ ಕೋಣೆಗೆ ಹೋದರು.